88 ವರ್ಷಗಳ ಬಳಿಕ ಎದ್ದು ಓಡಿದ ‘ಫೇರಿ ಕ್ವೀನ್’



ಉಗಿಬಂಡಿಯ ಮಾತು ಬಂದರೆ ಹಿರಿಯರಿಗೆ ಕಿಟಕಿಯಲ್ಲಿ ಕಣ್ಣಿಗೆ ಬಿದ್ದ ಕಲ್ಲಿದ್ದಲಿನ ಪುಡಿ ನೆನಪಾಗುತ್ತದೆ. ನಾನಿಂದು ಹೇಳಹೊರಟಿರುವುದು ಒಂದೇ ಒಂದು ಉಗಿ ಎಂಜಿನ್ನಿನ ಕಥೆ. ಅದರ ಹೆಸರು ‘ಫೇರಿ ಕ್ವೀನ್’.

ಇಂಗ್ಲೆಂಡಿನ ಲೀಡ್ಸ್ ನಗರದ ಕಿಟ್ಸನ್, ಥಾಂಪ್ಸನ್ ಅಂಡ್ ಹೆವಿಟ್ಸನ್ ಕಂಪೆನಿ 1855ರಲ್ಲಿ ಇದನ್ನು ತಯಾರಿಸಿತು. ಅದೇ ವರ್ಷ ಕಲ್ಕತ್ತಕ್ಕೆ ಬಂದಿಳಿದಾಗ ಈಸ್ಟ್ ಇಂಡಿಯನ್ ರೈಲ್ವೆ ಕಂಪೆನಿ ಕೊಟ್ಟದ್ದು 22 ಎಂಬ ಸಂಖ್ಯೆ ಮಾತ್ರ. ಹೆಸರು ಸಿಕ್ಕಿದ್ದು 1895ರಲ್ಲಿ. ಆರು ಚಕ್ರಗಳ ಪುಟ್ಟ ಎಂಜಿನ್. ಉಗಿಯ ಬಲ ತಿರುಗಿಸುವುದು ನಡುವಿನ ಎರಡು ದೊಡ್ಡ ಚಕ್ರಗಳನ್ನಷ್ಟೆ. ಗರಿಷ್ಠ ವೇಗ ಗಂಟೆಗೆ ಸುಮಾರು 40 ಕಿ.ಮೀ. ಹೌರಾದಿಂದ ಕಲ್ಲಿದ್ದಲು ಗಣಿಗಳ ಊರಾದ ರಾಣಿಗಂಜ್‌ವರೆಗೆ ಟಪಾಲು ರೈಲು ಎಳೆಯುವುದು ಇದರ ಕೆಲಸ.

1857ರ ಬಂಡಾಯದಲ್ಲಿ ಬ್ರಿಟಿಷರು ಸೈನಿಕರ ರೈಲುಗಳಿಗೂ ಇದನ್ನು ಕಟ್ಟಿದರು. ನಮ್ಮವರನ್ನು ಅಡಗಿಸಲು ಹೊರಟ ಪಡೆಯನ್ನು ಎಳೆದೊಯ್ದ ಎಂಜಿನ್ನಿಗೆ ಸ್ವತಂತ್ರ ಭಾರತ 1972ರಲ್ಲಿ ಪಾರಂಪರಿಕ ಮನ್ನಣೆ ನೀಡಿತು. ಇದೆಂಥ ವಿಪರ್ಯಾಸ ಎಂದು ಕೇಳುವವರುಂಟು. ಯಂತ್ರ ತನ್ನ ಯಜಮಾನನನ್ನು ಆರಿಸಿಕೊಳ್ಳಲಾರದು. ಆದರೆ ಅದರ ಕಥೆ ಹೇಳುವಾಗ ಈ ಅಧ್ಯಾಯವನ್ನು ನಾವು ಬಿಟ್ಟುಬಿಡಬಾರದು.

ಬಿಹಾರದಲ್ಲಿ ಹಳಿ ಹಾಕುವ ಕೆಲಸಕ್ಕೂ ದುಡಿದು 1909ರಲ್ಲಿ ಇದು ನಿವೃತ್ತವಾಯಿತು. ಹೌರಾ ನಿಲ್ದಾಣದ ಹೊರಗೆ 34 ವರ್ಷ ಪ್ರದರ್ಶನಕ್ಕೆ ನಿಂತಿತು. 1943ರಲ್ಲಿ ಉತ್ತರಪ್ರದೇಶದ ಚಂದೌಸಿಯ ರೈಲ್ವೆ ತರಬೇತಿ ಶಾಲೆ ಸೇರಿ, ಮುಂದೆ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯಕ್ಕೆ ಬಂತು. ಇದರ ಆಯುಸ್ಸು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದರೆ ತಪ್ಪಾಗುತ್ತಿರಲಿಲ್ಲ.

ಆದರೆ 1997ರಲ್ಲಿ ರೈಲ್ವೆಯವರು ಇದನ್ನು ದುರಸ್ತಿ ಮಾಡಿ, ಬಾಯ್ಲರ್‌ಗೆ ಬೆಂಕಿ ಹಾಕಿದರು. 88 ವರ್ಷಗಳ ಬಳಿಕ ಅಜ್ಜಿ ಎದ್ದು ಓಡಿದಳು! ದೆಹಲಿ ದಂಡುಪ್ರದೇಶದಿಂದ ರಾಜಸ್ಥಾನದ ಆಳ್ವಾರ್‌ಗೆ ಪ್ರವಾಸಿಗರನ್ನು ಕರೆದೊಯ್ದಳು. ಕ್ರಮಬದ್ಧವಾಗಿ ಓಡುವ ಅತ್ಯಂತ ಹಳೆಯ ಉಗಿ ಎಂಜಿನ್ ಎಂದು 1998ರಲ್ಲಿ ಗಿನ್ನೆಸ್ ದಾಖಲೆ ಸೇರಿದಳು.

ದಾಖಲೆ ಇದ್ದರೇನು, ಕಾವಲು ಬೇಡವೆ? 2011ರಲ್ಲಿ ಎಂಜಿನ್ನಿನ ಬಿಡಿಭಾಗಗಳೇ ಕಳುವಾದವು. ಇಂಥ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅಳತೆ ತೆಗೆದು, ಒಂದೊಂದನ್ನೂ ಹೊಸದಾಗಿಯೇ ಮಾಡಬೇಕು. ಚೆನ್ನೈನ ಪೆರಂಬೂರ್ ಕಾರ್ಖಾನೆಯ ಕೆಲಸಗಾರರು ಇದಕ್ಕೆ ಮತ್ತೆ ಜೀವ ತುಂಬಿದರು. 2017ರಲ್ಲಿ ಇದು ದೆಹಲಿಯಿಂದ ಹರಿಯಾಣದ ರೇವಾಡಿಗೆ ಪ್ರವಾಸಿ ರೈಲು ಎಳೆಯಿತು.

ಬಿರುದಿನಿಂದ ಯಂತ್ರ ಉಳಿಯುವುದಿಲ್ಲ, ಅದರ ಮರ್ಮ ಬಲ್ಲ ಕೈಗಳು ಬೇಕು. ಉಗಿಯ ಕಾಲ ಕಂಡ ಫಿಟ್ಟರ್‌ಗಳು, ಫೈರ್‌ಮನ್‌ಗಳು ಕಡಿಮೆಯಾಗುತ್ತಿದ್ದಾರೆ. ಅವರ ವಿದ್ಯೆ ಹುಡುಗರಿಗೆ ದಾಟದಿದ್ದರೆ ಫೇರಿ ಕ್ವೀನ್ ಮತ್ತೆ ಬೊಂಬೆಯಾಗುತ್ತಾಳೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್ನಿನ ಮುಂದೆ ಫೋಟೊ ತೆಗೆಸಿಕೊಳ್ಳುವಾಗ, ಅದಕ್ಕೆ ಎಣ್ಣೆ ಹಾಕಿದ ಕೈಯನ್ನೂ ಒಮ್ಮೆ ನೆನೆಯಿರಿ.