ನಮ್ಮೂರಿನ ಹೋಟೆಲಿನ ಉಪಚಾರ

ಪ್ರತಿಯೊಂದು ಊರಿನಲ್ಲಿಯೂ ಒಂದು ಹೋಟೆಲು ಉಂಟು. ಅದನ್ನು ಬಯ್ಯದವರು ಇಲ್ಲ, ಅಲ್ಲಿಗೆ ಹೋಗದವರೂ ಇಲ್ಲ. ನಾಲಗೆ ಬಯ್ಯುತ್ತಿರುವಾಗಲೇ ಕಾಲು ಅತ್ತ ನಡೆಯುತ್ತಿರುತ್ತದೆ. ಹೀಗೇಕೆ ಎಂಬುದೇ ಈ ದಿನದ ನನ್ನ ವಿಚಾರ.

ನಮ್ಮೂರಿನ ಹೋಟೆಲಿನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಯಜಮಾನರಿಗೆ ಬೇಸರವಾದೀತೆಂಬ ಸಂಕೋಚ ಒಂದು. ಕೇಳಿದವರು ಕುತೂಹಲದಿಂದ ಬಂದು ಕುಳಿತರೆ ನನ್ನ ಕಾಫಿ ಇನ್ನಷ್ಟು ತಡವಾದೀತೆಂಬ ಭಯ ಇನ್ನೊಂದು. ತೇರುಬೀದಿಯ ತಿರುವಿನಲ್ಲಿ ಎಂಟು ಮೇಜುಗಳ ಒಂದು ಹಳೆಯ ಮನೆ. ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನರು, ಒಳಗೆ ಒಬ್ಬ ಭಟ್ಟರು, ಇಬ್ಬರ ನಡುವೆ ಒಬ್ಬನೇ ಮಾಣಿ. ಇಷ್ಟೇ ಅದರ ಸಂಸಾರ.

ಮಾಣಿ ಎಂದರೆ ವಟು, ಉಪನಯನವಾದ ಬಾಲಕ. ಬಲಿಯ ಮುಂದೆ ಕೈ ನೀಡಿದ ವಾಮನನೂ ಮಾಣಿಯೇ. ಕರಾವಳಿಯ ಮನೆಗಳಲ್ಲಿ ಹುಡುಗರನ್ನು ಕರೆಯುವ ಈ ಮಾತು ಹೋಟೆಲುಗಳೊಡನೆ ಘಟ್ಟ ಹತ್ತಿ ಬಂದು ನಮ್ಮಲ್ಲಿಯೂ ನೆಲೆಸಿತು. ನಮ್ಮ ಹೋಟೆಲಿನ ವಟುವಿಗೆ ಈಗ ಎಪ್ಪತ್ತು ದಾಟಿದೆ. ಹಳಗನ್ನಡದಲ್ಲಿ ‘ಮಾಣ್’ ಎಂಬ ಧಾತುವೊಂದುಂಟು. ನಿಲ್ಲು, ಬಿಡು, ಸುಮ್ಮನಾಗು ಎಂದು ಅದರ ಅರ್ಥ. ಇತರ ಹೋಟೆಲುಗಳ ಮಾಣಿ ಸಂಸ್ಕೃತದಿಂದ ಬಂದವನಿರಬಹುದು. ನಮ್ಮವನು ನಿಸ್ಸಂದೇಹವಾಗಿ ಈ ಅಚ್ಚಗನ್ನಡ ಧಾತುವಿನಿಂದ ಹುಟ್ಟಿದವನು.

ಅವನ ಕಾರ್ಯವಿಧಾನವನ್ನು ಅರಿಯಬೇಕಾದರೆ ಕನ್ನಡ ವ್ಯಾಕರಣದ ಸಂಧಿಪ್ರಕರಣವೊಂದೇ ಸಾಕು. ಸಂಧಿಕಾರ್ಯ ಮೂರು ಬಗೆ: ಲೋಪ, ಆಗಮ, ಆದೇಶ. ಇದ್ದುದು ಬಿಟ್ಟುಹೋದರೆ ಲೋಪ. ನೀವು ಕೇಳಿದ ಚಟ್ನಿ ಬರುವುದಿಲ್ಲ. ಇಲ್ಲದ್ದು ನಡುವೆ ಬಂದು ಸೇರಿದರೆ ಆಗಮ. ನೀವು ಕೇಳದ ಕೇಸರಿಬಾತು ಬಂದು ಮುಂದೆ ಕುಳಿತುಕೊಳ್ಳುತ್ತದೆ. ಒಂದರ ಸ್ಥಾನದಲ್ಲಿ ಮತ್ತೊಂದು ಬಂದರೆ ಆದೇಶ. ಇಡ್ಲಿಯ ಸ್ಥಾನದಲ್ಲಿ ಉಪ್ಪಿಟ್ಟು. ಗ್ರಂಥದಲ್ಲಿ ಕ ತ ಪ ಗಳಿಗೆ ಗ ದ ಬ ಗಳು ಆದೇಶವಾಗುವುದಕ್ಕೆ ನಿಯಮವಿದೆ. ನಮ್ಮಲ್ಲಿ ಅಂಥ ನಿಯಮವಿಲ್ಲ. ಎಲ್ಲವೂ ಪ್ರಯೋಗಕ್ಕೆ ಬಿಟ್ಟದ್ದು. ತರಗತಿಯಲ್ಲಿ ನಾನು ಸಂಧಿ ಕಲಿಸುವುದು ಈ ಉದಾಹರಣೆಗಳಿಂದಲೇ. ಓದಿನಲ್ಲಿ ಮನಸ್ಸಿಲ್ಲದ ಹುಡುಗರೂ ಇದನ್ನು ಮಾತ್ರ ಮರೆತದ್ದಿಲ್ಲ.

ಇನ್ನು ‘ಬಡಿಸು’ ಎಂಬ ಕ್ರಿಯಾಪದ. ಅನ್ನ ನೀಡುವುದಕ್ಕೂ ಇದೇ ಮಾತು, ‘ಬಡಿ’ ಧಾತುವಿನ ಪ್ರೇರಣಾರ್ಥಕ್ಕೂ ಇದೇ ರೂಪ. ತಟ್ಟೆಯನ್ನು ಮೇಜಿನ ಕಲ್ಲಿನ ಮೇಲೆ ಇಡುವ ನಮ್ಮ ಮಾಣಿಯ ರೀತಿಯಲ್ಲಿ ಎರಡು ಅರ್ಥಗಳೂ ಏಕಕಾಲದಲ್ಲಿ ಸಿದ್ಧಿಸುತ್ತವೆ.

ಬೇರೆ ಊರಿನಿಂದ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಮೊದಲನೆಯ ದಿನ ಇಲ್ಲಿ ಕುಳಿತು, ಗಡಿಯಾರ ನೋಡಿ, “ಏನಯ್ಯಾ, ಅರ್ಧ ಗಂಟೆಯಾಯಿತು!” ಎಂದು ಗುಡುಗಿದರು. ಮಾಣಿ ನಿಂತು, ಗೋಡೆಯ ಗಡಿಯಾರವನ್ನೂ ಒಮ್ಮೆ ನೋಡಿ, “ಹೌದು ಸ್ವಾಮಿ, ಸರಿಯಾಗಿ ಅರ್ಧ ಗಂಟೆ. ಇನ್ನೂ ಎರಡು ನಿಮಿಷ ಹೆಚ್ಚೇ ಆಗಿದೆ” ಎಂದು ವಿನಯದಿಂದ ಒಪ್ಪಿಕೊಂಡು ಮುಂದೆ ಹೋದನು. ಇನ್ನು ಈ ಹೊಸ್ತಿಲು ತುಳಿಯುವುದಿಲ್ಲವೆಂದು ಅವರು ಆಣೆಯಿಟ್ಟರು. ಮೂರು ತಿಂಗಳು ಕಳೆಯುವುದರೊಳಗೆ ಅವರು ತಮ್ಮ ಕಾಫಿಯನ್ನು ತಾವೇ ಒಳಗಿನಿಂದ ತಂದುಕೊಳ್ಳುತ್ತಿದ್ದರು. ಪಕ್ಕದ ಮೇಜಿನವರಿಗೆ ಬೇಕಾದ ಲೋಟವನ್ನೂ ಇನ್ನೊಂದು ಕೈಯಲ್ಲಿ ಹಿಡಿದು ಬರುತ್ತಿದ್ದರು.

ಇದು ಅಲ್ಲಿಯ ಸಂಪ್ರದಾಯ. ನೀರಿನ ಜಗ್ಗನ್ನು ಮೊದಲು ಬಂದವರು ತುಂಬಿಸಿಡಬೇಕು. ನಿವೃತ್ತ ಪೋಸ್ಟ್ ಮಾಸ್ತರರು ಮೇಜಿನಿಂದ ಮೇಜಿಗೆ ತಟ್ಟೆಗಳನ್ನು ವರ್ಗಾಯಿಸುತ್ತಾರೆ. ತಪ್ಪಾಗಿ ಬಟವಾಡೆಯಾದದ್ದನ್ನು ಸರಿಯಾದ ವಿಳಾಸಕ್ಕೆ ಮುಟ್ಟಿಸುವುದು ಅವರಿಗೆ ಹಳೆಯ ಅಭ್ಯಾಸ. ಲೆಕ್ಕವನ್ನು ನಾವೇ ಯಜಮಾನರಿಗೆ ಒಪ್ಪಿಸುತ್ತೇವೆ. ಮಾಣಿ ಹೇಳಲು ಮರೆತ ವಡೆಯನ್ನೂ ಸೇರಿಸುತ್ತೇವೆ. ಇಷ್ಟು ವರ್ಷಗಳಲ್ಲಿ ಇದರಿಂದ ಗಲ್ಲಾಪೆಟ್ಟಿಗೆಗೆ ನಷ್ಟವಾಯಿತೆಂದು ಯಜಮಾನರು ಹೇಳಿದ್ದನ್ನು ನಾನು ಕೇಳಿಲ್ಲ.

ಚುರುಕಾದ ಹೋಟೆಲುಗಳು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದಲ್ಲಿ ಒಂದೇ ತೋಳಿನ ಮೇಲೆ ದೋಸೆಯ ತಟ್ಟೆಗಳನ್ನು ಸಾಲಾಗಿ ಪೇರಿಸಿಕೊಂಡು ಬರುವವರನ್ನು ನೋಡುವುದೇ ಒಂದು ಸಂತೋಷ. 1980ರ ದಶಕದಿಂದ ಹರಡಿದ ದರ್ಶಿನಿಗಳಲ್ಲಂತೂ ಮಾಣಿಯೇ ಬೇಡ. ಹಣ ಕೊಟ್ಟು ಚೀಟಿ ಪಡೆದರೆ ಐದು ನಿಮಿಷದಲ್ಲಿ ತಟ್ಟೆ ಕೈಯಲ್ಲಿ; ನಿಂತು ತಿಂದು ಹೊರಟರೆ ಹತ್ತನೆಯ ನಿಮಿಷಕ್ಕೆ ಬಸ್ಸು. ಕಡಿಮೆ ಬೆಲೆಗೆ ಬಿಸಿಯಾದ ಶುಚಿಯಾದ ತಿಂಡಿ ಸಾವಿರಾರು ದುಡಿಯುವ ಜನಕ್ಕೆ ಸಿಗುವಂತಾದದ್ದು ಇದರಿಂದ. ಅದನ್ನು ಹಳಿಯುವುದು ಅನ್ಯಾಯ. ಆದರೆ ಅಲ್ಲಿ ಕುಳಿತುಕೊಳ್ಳುವ ಹಾಗಿಲ್ಲ. ಮಾತು ಆರಂಭವಾಗುವ ಹೊತ್ತಿಗೆ ಕಾಫಿ ಮುಗಿದಿರುತ್ತದೆ.

ನಮ್ಮಲ್ಲಿ ಕಾಫಿ ಆರಂಭವಾಗುವ ಹೊತ್ತಿಗೆ ಮಾತು ಮುಗಿದಿರುತ್ತದೆ. ಮಾಣಿ ತಡಮಾಡುವ ಆ ಅರ್ಧ ಗಂಟೆಯಲ್ಲಿ ಊರಿನ ಎಷ್ಟೋ ಕೆಲಸಗಳು ನಡೆದಿವೆ. ಹೆಣ್ಣಿಗೆ ಗಂಡು ಗೊತ್ತಾಗಿದೆ. ಗದ್ದೆಯ ಬದುವಿನ ಜಗಳ ಕೋರ್ಟಿಗೆ ಹೋಗದೆ ತೀರಿದೆ. ಶಾಲೆ ಬಿಟ್ಟ ಹುಡುಗನ ತಂದೆಯನ್ನು ನಾನು ಹಿಡಿದು ಕೂರಿಸಿ ಮಾತನಾಡಿಸಿ, ಆ ಹುಡುಗ ಮರಳಿ ತರಗತಿಗೆ ಬಂದಿದ್ದಾನೆ. ಮನೆಗೆ ಹೋಗಿ ಮಾತೆತ್ತಿದರೆ ಅದು ದೂರಾಗುತ್ತದೆ, ಶಾಲೆಗೆ ಕರೆಸಿದರೆ ವಿಚಾರಣೆಯಾಗುತ್ತದೆ. ಹೋಟೆಲಿನಲ್ಲಿ ಮಾತ್ರ ಅದು ಬರಿಯ ಮಾತು. ತಿಂಡಿ ಬಾರದ ಕಾರಣ ಆ ತಂದೆಗೂ ಎದ್ದುಹೋಗುವ ಉಪಾಯವಿರಲಿಲ್ಲ.

ಇದರ ಬೆಲೆ ನಮಗೆ ಚೆನ್ನಾಗಿ ತಿಳಿದದ್ದು 2020ರಲ್ಲಿ. ಕೋವಿಡ್ ರೋಗದಿಂದಾಗಿ ಮಾರ್ಚ್ ತಿಂಗಳ ಕೊನೆಯಲ್ಲಿ ಹೋಟೆಲುಗಳಲ್ಲಿ ಕುಳಿತು ತಿನ್ನುವುದು ನಿಂತುಹೋಯಿತು. ಜೂನ್ 8ರ ವರೆಗೆ ಕಟ್ಟಿಸಿಕೊಂಡು ಹೋಗುವುದೊಂದೇ ದಾರಿ. ಯಜಮಾನರು ಬಾಗಿಲಿಗೆ ಅಡ್ಡವಾಗಿ ಮೇಜನ್ನಿಟ್ಟು, ಬಾಳೆಯೆಲೆಯಲ್ಲಿ ಕಟ್ಟಿದ ಪೊಟ್ಟಣಗಳನ್ನು ತಾವೇ ಕೊಡುತ್ತಿದ್ದರು. ಕೇಳಿದ್ದೇ ಬರುತ್ತಿತ್ತು, ಕೇಳಿದ ಕೂಡಲೇ ಬರುತ್ತಿತ್ತು. ಲೋಪವಿಲ್ಲ, ಆಗಮವಿಲ್ಲ, ಆದೇಶವಿಲ್ಲ. ಅದೇ ಭಟ್ಟರ ಅದೇ ಇಡ್ಲಿ. ಮನೆಗೆ ತಂದು ಬಿಚ್ಚಿ ತಿಂದರೆ ಹಸಿವು ಹೋಗುತ್ತಿತ್ತು, ಅಷ್ಟೆ. ನಾವು ಇಷ್ಟು ಕಾಲ ಯಾವುದನ್ನು ಕುಂದು ಎನ್ನುತ್ತಿದ್ದೆವೋ ಅದೊಂದೂ ಆ ಪೊಟ್ಟಣದಲ್ಲಿರಲಿಲ್ಲ. ನಾವು ಯಾವುದಕ್ಕಾಗಿ ಹೋಗುತ್ತಿದ್ದೆವೋ ಅದೂ ಇರಲಿಲ್ಲ.

ಮಾಣಿಯ ವಿಷಯವನ್ನೂ ಹೇಳಬೇಕು. ಹನ್ನೆರಡನೆಯ ವಯಸ್ಸಿಗೆ ಘಟ್ಟದ ಕೆಳಗಿನಿಂದ ಬಂದವನು. ಅವನಂತೆ ಕರಾವಳಿಯಿಂದ ಹೊರಟ ಹುಡುಗರು ಬೆಂಗಳೂರು, ಮದರಾಸು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿದರು. ಮುಂಬಯಿಯಲ್ಲಿ ಹಗಲು ತಟ್ಟೆ ತೊಳೆದು, ಇರುಳು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದವರ ಸಂಖ್ಯೆ ದೊಡ್ಡದು. ನಮ್ಮ ಸಣ್ಣ ಊರಿನಲ್ಲಿ ರಾತ್ರಿಶಾಲೆ ಇರಲಿಲ್ಲ. ಅವನಿಗೆ ಪುಸ್ತಕವೂ ಪಾಟಿಯೂ ಅವನ ನೆನಪೇ. ಎಂಟು ಮೇಜುಗಳ ಮೂವತ್ತು ಜನರ ತಿಂಡಿಯನ್ನು ಒಂದು ಚೂರು ಕಾಗದವಿಲ್ಲದೆ ಒಪ್ಪಿಸುತ್ತಿದ್ದನೆಂದು ಊರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಈಗ ಒಂದು ಕಿವಿ ಮಂದ, ಮೊಣಕಾಲು ನೋವು. ಇಡ್ಲಿ ಎಂದದ್ದು ಉಪ್ಪಿಟ್ಟೆಂದು ಕೇಳಿಸಿದರೆ ಅದರಲ್ಲಿ ಆಶ್ಚರ್ಯವೇನು?

ಕೆಲವು ವರ್ಷಗಳ ಹಿಂದೆ ಯಜಮಾನರ ಮಗ ಊರಿಗೆ ಹಿಂದಿರುಗಿ ಲೆಕ್ಕಪತ್ರ ನೋಡಿದನು. ಒಂದು ಕಾಫಿಗೆ ಒಂದು ಗಂಟೆ ಮೇಜು ಹಿಡಿದರೆ ಹಾಲಿನ ಬೆಲೆ, ಅನಿಲದ ಬೆಲೆ ಹೇಗೆ ಹುಟ್ಟೀತು? ಮೇಜುಗಳನ್ನು ತೆಗೆದು, ನಿಂತು ತಿನ್ನುವ ಕಟ್ಟೆಗಳನ್ನು ಹಾಕಿಸಿ, ಚೀಟಿಯ ಯಂತ್ರ ತರುವುದಾಗಿ ಹೇಳಿದನು. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅಂಥ ಏರ್ಪಾಟಿನಲ್ಲಿ ಮಾಣಿಗೆ ಮಾತ್ರ ಸ್ಥಳವಿರಲಿಲ್ಲ. ವರ್ಷವಿಡೀ ಬಯ್ದವರೆಲ್ಲ ಆ ದಿನ ಗಲ್ಲಾದ ಮುಂದೆ ಸೇರಿದರು. ಆಣೆಯಿಟ್ಟ ಆ ಅಧಿಕಾರಿಯೇ, “ಅವನು ಹೋದರೆ ನಾವು ಬಯ್ಯುವುದು ಯಾರನ್ನು?” ಎಂದು ಕೇಳಿದರು. ನಕ್ಕು ಮುಗಿದ ಮೇಲೆ ಲೆಕ್ಕದ ಮಾತೂ ನಡೆಯಿತು. ಕಾಫಿಯೊಡನೆ ತಿಂಡಿಯನ್ನೂ ಕೊಳ್ಳುವುದು. ಸಂತೆಯ ದಿನವೂ ಭಾನುವಾರವೂ ತಿಂದ ಕೂಡಲೇ ಮೇಜು ಬಿಡುವುದು. ಬೆಲೆ ಎರಡು ರೂಪಾಯಿ ಏರಿಸಿದರೆ ಗೊಣಗದಿರುವುದು. ಹೀಗೆ ಗಿರಾಕಿಗಳು ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಮೂರನೆಯದನ್ನು ಪಾಲಿಸುವುದು ಕಷ್ಟವಾಗಿದೆ, ಮೊದಲೆರಡು ನಡೆದಿವೆ. ಮೇಜುಗಳು ಉಳಿದವು, ಮಾಣಿಯೂ ಉಳಿದನು. ಮಗನು ಈಗ ಬೆಳಗಿನ ಹೊತ್ತು ತಾನೇ ತಟ್ಟೆ ಹಿಡಿದು ಓಡಾಡುತ್ತಾನೆ.

ಹೋಟೆಲನ್ನು ಉಳಿಸಲು ಅಲ್ಲಿಗೆ ಸೇರಿದವರೇ ಹೆಗಲು ಕೊಟ್ಟದ್ದು ಇದೇ ಮೊದಲಲ್ಲ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಅಲ್ಲಿಯ ನೌಕರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡು ಅವನ್ನು ನಡೆಸಿದರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅಲ್ಲಿ ಬಡಿಸುವವರು ಮಾಡಿದ ಕೆಲಸದಲ್ಲಿ ಒಂದು ಅಂಶವನ್ನು ಇಲ್ಲಿ ತಿನ್ನುವವರು ಮಾಡಿದ್ದಾರೆ.

ಉಪಚಾರ ಎಂಬ ಶಬ್ದವನ್ನು ನಾವು ಈಗ ಚುರುಕುತನಕ್ಕೆ ಪರ್ಯಾಯವಾಗಿ ಬಳಸುತ್ತೇವೆ. ‘ಉಪ’ ಎಂದರೆ ಸಮೀಪ, ‘ಚಾರ’ ಎಂದರೆ ನಡೆಯುವಿಕೆ. ಹತ್ತಿರ ಬರುವುದೇ ಉಪಚಾರ. ಎಷ್ಟು ಹೊತ್ತಿಗೆ ಬರಬೇಕೆಂದು ಧಾತುವಿನಲ್ಲಿ ಹೇಳಿಲ್ಲ. ಮಾಣಿ ಬರುತ್ತಾನೆ, ತಟ್ಟೆಯಿಟ್ಟು, “ಮಗಳ ಜ್ವರ ಇಳಿಯಿತೇ ಮೇಷ್ಟ್ರೇ?” ಎಂದು ಕೇಳುತ್ತಾನೆ. ಇಡ್ಲಿಯನ್ನು ಮರೆತವನು ಜ್ವರವನ್ನು ಮರೆತಿರುವುದಿಲ್ಲ.

ನಿಮ್ಮ ಊರಿನಲ್ಲಿಯೂ ಅಂಥ ಹೋಟೆಲೊಂದಿದ್ದರೆ ಧಾರಾಳವಾಗಿ ಬಯ್ಯಿರಿ, ಆದರೆ ಹೋಗುವುದನ್ನು ಬಿಡಬೇಡಿ. ಹೋದಾಗ ನೀರಿನ ಜಗ್ಗನ್ನು ನೀವೇ ತುಂಬಿಸಿಡಿ. ಕೇಳದ ಕೇಸರಿಬಾತು ಬಂದರೆ ತಿಂದು, ಅದನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿರಿ.