ಬಿಟ್ಟಲ್ಲಿಂದ ಎತ್ತಿಕೊಳ್ಳುವುದು: ಕಾರ್ಯಸ್ಮೃತಿ ಮತ್ತು ಮಿದುಳಿನ ಲಯ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನೆನಪಿನ ಬಗ್ಗೆ ಮಾತು ತೆಗೆದರೆ ಶ್ರೀಕೃಷ್ಣ ಪಾರಿಜಾತದಿಂದಲೇ ತೆಗೆಯಬೇಕು. ಕುಲಗೋಡ ತಮ್ಮಣ್ಣ ರಂಗಕ್ಕೆ ಹದಗೊಳಿಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಆಟವದು. ಸತ್ಯಭಾಮೆ ಸಿಟ್ಟಿನ ಪದ ಹಾಡುತ್ತಿರುವಾಗ ಭಾಗವತ ನಡುವೆ ಬಾಯಿ ಹಾಕಿ ಕಾರಣ ಕೇಳುತ್ತಾನೆ. ಆಕೆ ಆ ಊರಿಗೆ, ಆ ರಾತ್ರಿಗೆ ಒಪ್ಪುವ ಮಾತನ್ನು ನಿಂತಲ್ಲೇ ಹೊಸೆದು ಹೇಳಿ, ತಬಲಾದ ಪೆಟ್ಟಿಗೆ ಸರಿಯಾಗಿ ಬಿಟ್ಟಲ್ಲಿಂದಲೇ ಪದ ಎತ್ತಿಕೊಳ್ಳುತ್ತಾಳೆ. ಅದೆಲ್ಲ ಬಾಯಿಪಾಠದ ಬಲ ಎನ್ನುವವರಿದ್ದಾರೆ. ಪದ ಬಾಯಿಪಾಠವೇ, ನಿಜ. ಆದರೆ ಎಲ್ಲಿ ಬಿಟ್ಟೆ, ಏನು ಕೇಳಿದರು, ಯಾವ ಮಾತನ್ನು ಸದ್ಯ ತಡೆದಿಡಬೇಕು ಎಂಬುದು ಯಾವ ಬಾಯಿಪಾಠದಲ್ಲೂ ಇರದು. ಆ ಹೊತ್ತಿಗೆ ಹಿಡಿದು, ಕೆಲಸ ಮುಗಿದೊಡನೆ ಬಿಟ್ಟುಬಿಡುವ ಈ ನೆನಪೇ ಕಾರ್ಯಸ್ಮೃತಿ. ಅದರ ಜೀವಾಳ ಹಿಡಿತ. ಆ ಹಿಡಿತಕ್ಕೆ ತಾನು ಹಿಡಿದದ್ದು ಏನೆಂದು ಗೊತ್ತಿರಬೇಕಾಗಿಲ್ಲ ಎಂಬುದು ನನ್ನ ವಾದ.

ಮಿದುಳಿನಲ್ಲಿ ಈ ಹಿಡಿತ ಹೇಗೆ ನಡೆಯುತ್ತದೆ? 1971ರಲ್ಲಿ ವಿಜ್ಞಾನಿಗಳಾದ ಫಸ್ಟರ್ ಮತ್ತು ಅಲೆಗ್ಸಾಂಡರ್ ಮಂಗಗಳ ಮಿದುಳಿನ ಮುಂಭಾಗದಲ್ಲಿ, ಉತ್ತರ ಕೊಡಲು ಕಾಯುವ ಹೊತ್ತಿನಲ್ಲೂ ಮಿಡಿಯುವ ನರಕೋಶಗಳನ್ನು ಕಂಡರು. ಆರದೆ ಉರಿಯುವ ದೀಪವೇ ನೆನಪು ಎಂಬ ಚಿತ್ರ ಅಲ್ಲಿಂದ ಬೇರೂರಿತು. 2016ರಲ್ಲಿ ಎಂಐಟಿಯ ಲುಂಡ್‌ಕ್ವಿಸ್ಟ್, ಮಿಲ್ಲರ್ ಮತ್ತು ಸಂಗಡಿಗರು ಪ್ರಯೋಗಗಳ ಸರಾಸರಿಗೆ ನಿಲ್ಲದೆ ಒಂದೊಂದು ಪ್ರಯೋಗವನ್ನೂ ಬಿಡಿಬಿಡಿಯಾಗಿ ನೋಡಿದರು. ಮಂಗ ಬಣ್ಣದ ಚೌಕಗಳನ್ನು ನೆನಪಿಡುವಾಗ ಗ್ಯಾಮಾ ಎಂಬ ವೇಗದ ಅಲೆಗಳು ಬಿಟ್ಟುಬಿಟ್ಟು ಚಿಮ್ಮುತ್ತಿದ್ದವು. ಸೆಕೆಂಡಿಗೆ ಸುಮಾರು 20ರಿಂದ 35 ಸಲ ಏರಿಳಿಯುವ ಬೀಟಾ ಎಂಬ ಅಲೆ ತಗ್ಗಿದಾಗ ಗ್ಯಾಮಾ ಏರುತ್ತಿತ್ತು. ಇದೇ ಬಳಗದ 2018ರ ಪ್ರಯೋಗದಲ್ಲಿ ಎರಡು ವಸ್ತುಗಳ ಪೈಕಿ ಯಾವುದು ಬೇಕಾಗುವ ಹೊತ್ತು ಬರುತ್ತದೋ ಅದರ ನೆಲೆಯಲ್ಲಿ ಬೀಟಾ ಇಳಿದು ಗ್ಯಾಮಾ ಎದ್ದಿತು; ಕೆಲಸ ಮುಗಿದ ಮೇಲೆ ಬೀಟಾ ಮತ್ತೆ ಮೇಲೇರಿತು. ಬೀಟಾ ಇಲ್ಲಿ ತೂಬಿನ ಹಾಗೆ: ನೀರನ್ನು ಬಿಡುತ್ತದೆ, ತಡೆಯುತ್ತದೆ; ನೀರು, ಅಂದರೆ ನೆನಪಿನ ವಿಷಯ, ಮಾತ್ರ ಬೇರೆಯದು. 2023ರಲ್ಲಿ ಇದೇ ಬಳಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಹತೋಟಿ ಮಿದುಳಿನ ಹರಹಿನಲ್ಲಿ ಜಾಗ ಜಾಗವಾಗಿ ನಡೆಯುತ್ತದೆ, ಆದ್ದರಿಂದ ಒಮ್ಮೆ ಕಲಿತ ಕ್ರಮ ಹೊಸ ವಸ್ತುವಿಗೂ ಒಗ್ಗುತ್ತದೆ ಎಂದು ಪ್ರತಿಪಾದಿಸಿತು. ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವುದು ಇದೇ. ಪಾರಿಜಾತದಲ್ಲೂ ಹಾಗೆಯೇ: ಪ್ರತಿ ಊರಿನಲ್ಲೂ ಮಾತು ಹೊಸದು. ಬಿಡುವ, ಹಿಡಿಯುವ ಕ್ರಮ ಒಂದೇ.

ನನ್ನ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವೂ ಅಲ್ಲ. ಕೆಲವು ಕೋಶಗಳು ನಿಜಕ್ಕೂ ಎಡೆಬಿಡದೆ ಮಿಡಿಯುತ್ತವೆ ಎಂದು ನರವಿಜ್ಞಾನಿ ಕಾನ್‌ಸ್ಟಂಟಿನಿಡಿಸ್ ಮೊದಲಾದವರು ವಾದಿಸಿದ್ದಾರೆ. ಅದನ್ನು ಒಪ್ಪಿದರೂ ನನ್ನ ವಾದ ಬೀಳದು. ದೀಪ ಸತತ ಉರಿಯಲಿ, ಮಿನುಗಲಿ, ಯಾವಾಗ ಯಾವುದನ್ನು ಮುಂದಕ್ಕೆ ತರಬೇಕೆಂಬ ಹತೋಟಿ ಬೇಕೇ ಬೇಕು. ಮಂಗದ ಚೌಕಗಳಿಂದ ರಾತ್ರಿಯಿಡೀ ನಡೆಯುವ ಆಟಕ್ಕೆ ಜಿಗಿಯಬಹುದೇ ಎಂಬುದು ಇನ್ನೂ ಬಿರುಸಿನ ಪ್ರಶ್ನೆ. ಮನುಷ್ಯರಲ್ಲೂ ಹೊರಟ ಕೈಯನ್ನು ತಟ್ಟನೆ ತಡೆದಾಗ ಮಿದುಳಿನ ಬಲ ಮುಂಭಾಗದಲ್ಲಿ ಬೀಟಾ ಏರುವುದು ಅಳತೆಗೆ ಸಿಕ್ಕಿದೆ. ತಡೆಯುವ ಲಯ ನಮ್ಮಲ್ಲೂ ಇದೆ ಎನ್ನಲು ಅಷ್ಟು ಸಾಕು. ಕಲಾವಿದೆಯ ಹಿಡಿತವೂ ಅದೇ ಎನ್ನಲು ಸಾಲದು. ಅದನ್ನು ಅಳೆದೇ ನೋಡಬೇಕು, ಅದಕ್ಕೆ ಪಾರಿಜಾತಕ್ಕಿಂತ ಒಳ್ಳೆಯ ಕಣ ಸಿಗುವುದು ಕಷ್ಟ. ಪದ ನಿಂತ ಕ್ಷಣ, ಭಾಗವತನ ಪ್ರಶ್ನೆ ಮುಗಿದ ಕ್ಷಣ, ಪದ ಮರಳಿ ಎದ್ದ ಕ್ಷಣ, ಈ ಮೂರಕ್ಕೂ ತಬಲಾ ಆಗಲೇ ಗುರುತು ಹಾಕಿಕೊಟ್ಟಿದೆ.