ದಾಸರ ಪದಗಳಲ್ಲಿ ಅಲಂಕಾರ



ಮುಂಬಯಿ, ಪುಣೆಗಳಂತಹ ಊರುಗಳಲ್ಲಿ ಭಜನೆಗೆ ಕುಳಿತ ಮಕ್ಕಳ ಕೈಯಲ್ಲಿ ದೇವನಾಗರಿಯಲ್ಲಿಯೋ ರೋಮನ್ ಲಿಪಿಯಲ್ಲಿಯೋ ಅಚ್ಚಾದ ದೇವರನಾಮಗಳ ಹಾಳೆಗಳಿರುತ್ತವೆ. ರಾಗ ತಪ್ಪುವುದಿಲ್ಲ, ತಾಳವೂ ತಪ್ಪುವುದಿಲ್ಲ. ಆದರೆ ಹಾಡು ಮುಗಿದ ಮೇಲೆ ಮೊಮ್ಮಗ ಕೇಳುತ್ತಾನೆ: “ಅಜ್ಜೀ, ದಾಸರು ದೇವರನ್ನ ಯಾಕೆ ಬೈತಾರೆ?” ಅಜ್ಜಿಗೆ ಉತ್ತರ ಗೊತ್ತು, ಹೇಳುವ ಬಗೆ ತೋಚದು. “ಹಾಗೆಲ್ಲ ಕೇಳಬಾರದಪ್ಪಾ” ಎಂದುಬಿಡುತ್ತಾರೆ. ವಾಸ್ತವವಾಗಿ ಕೇಳಲೇಬೇಕಾದ ಪ್ರಶ್ನೆಯದು.

ವ್ಯಾಜವೆಂದರೆ ನೆಪ. ನಿಂದೆಯ ನೆಪದಲ್ಲಿ ಸ್ತುತಿಸುವುದನ್ನು ಆಲಂಕಾರಿಕರು ವ್ಯಾಜಸ್ತುತಿ ಎಂದರು; ದಾಸಸಾಹಿತ್ಯದಲ್ಲಿ ಅದು ನಿಂದಾಸ್ತುತಿ. ಮೀನಾಗಿ ನೀರಿನಲ್ಲಿ ಅಡಗಿದವ, ಕುಳ್ಳನಾಗಿ ಬೇಡಿದವ, ಬೆಣ್ಣೆ ಕದ್ದವ ಎಂದು ದಾಸರು ಹಂಗಿಸುತ್ತಾರೆ. ಮೀನಾದದ್ದು ವೇದಗಳ ಉದ್ಧಾರಕ್ಕೆ, ಬೇಡಿದ್ದು ಇಂದ್ರನಿಗೆ ಮೂರು ಲೋಕಗಳನ್ನು ಮರಳಿಸುವುದಕ್ಕೆ. ಈ ಕಥೆಗಳು ತಿಳಿದಿರುವ ಕಿವಿಯಲ್ಲಿ ಬೈಗುಳ ಹೊಗಳಿಕೆಯಾಗುತ್ತದೆ. ತಿಳಿಯದವರಿಗೆ ಬೈಗುಳವಾಗಿಯೇ ಉಳಿಯುತ್ತದೆ. ಇನ್ನೊಂದು ಮಾತು: ಹೀಗೆ ಹಂಗಿಸುವ ಸಲಿಗೆ ಮನೆಯವರಿಗಲ್ಲದೆ ಹೊರಗಿನವರಿಗೆ ಬಾರದು.

ಕನ್ನಡಿಗರಿಗೆ ಅಲಂಕಾರ ವಿಚಾರ ಹೊಸದಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ಅದನ್ನು ಚರ್ಚಿಸಿದೆ. ಲಕ್ಷಣಗಳ ಉದ್ದನೆಯ ಪಟ್ಟಿ ಇಲ್ಲಿ ಬೇಡ. ಘಟ್ಟ ಹತ್ತುವ ರೈಲನ್ನೇ ನೋಡಬಹುದು. “ರೈಲು ಸರ್ಪದಂತೆ ಬಳುಕಿತು” ಎಂದರೆ ಉಪಮೆ: ರೈಲು ಉಪಮೇಯ, ಸರ್ಪ ಉಪಮಾನ, ‘ಅಂತೆ’ ವಾಚಕ, ಬಳುಕುವುದು ಸಮಾನಧರ್ಮ. “ರೈಲೆಂಬ ಸರ್ಪ” ಎಂದರೆ ರೂಪಕ. “ಸರ್ಪವೇ ಹುತ್ತವನ್ನು ಹೊಕ್ಕಿತೋ ಎಂಬಂತೆ ರೈಲು ಸುರಂಗ ಸೇರಿತು” ಎಂದರೆ ಉತ್ಪ್ರೇಕ್ಷೆ. ಪುರಂದರದಾಸರು ಹರಿನಾಮವನ್ನು ಕಲ್ಲುಸಕ್ಕರೆಯಾಗಿಸಿ, ಎತ್ತಿನ ಮೇಲೆ ಹೇರಬೇಕಿಲ್ಲದ, ಸುಂಕ ಕಟ್ಟಬೇಕಿಲ್ಲದ ಸರಕೆಂದು ರೂಪಕವನ್ನು ಹಾಡಿನುದ್ದಕ್ಕೂ ಬೆಳೆಸಿದರು. ವ್ಯಾಪಾರ ಬಲ್ಲವರ ಮಾತು ಅದು.

ಶ್ಲೇಷೆಯ ಸಂಗತಿ ಹೆಚ್ಚು ಸೂಕ್ಷ್ಮ, ನಷ್ಟವಾಗುತ್ತಿರುವುದೂ ಅಲ್ಲಿಯೇ. ರಾಗಿಯ ಭಿಕ್ಷೆ ಬೇಡುವ ದಾಸರ ಕೀರ್ತನೆ ಎಲ್ಲರಿಗೂ ಪರಿಚಿತ. ‘ಸಜ್ಜನರು’ ಮತ್ತು ‘ಆಗಿ’ ಕೂಡಿದರೆ ಲೋಪಸಂಧಿಯಿಂದ ‘ಸಜ್ಜನರಾಗಿ’ ಆಗುತ್ತದೆ. ಅದರ ಬಾಲದಲ್ಲಿ ರಾಗಿ ಎಂಬ ಧಾನ್ಯ ಕಾಣಿಸಿಕೊಳ್ಳುತ್ತದೆ. ಕೀರ್ತನೆ ನಿಂತಿರುವುದು ಇಂತಹ ಪದಗಳ ಮೇಲೆ. ದಾಸರು ಜೋಳಿಗೆ ಒಡ್ಡಿ ಕೇಳುವುದು ಧಾನ್ಯ; ಮನೆಯೊಡತಿಯಿಂದ ಬಯಸುವುದು ಒಳ್ಳೆಯ ನಡತೆ. ಎರಡೂ ಒಂದೇ ಉಸಿರಿನಲ್ಲಿ. ಮರಾಠಿಯಲ್ಲಿ ರಾಗಿ ‘ನಾಚಣಿ’ಯಾಗುತ್ತದೆ, ಅನುವಾದದಲ್ಲಿ ಧಾನ್ಯವನ್ನು ಉಳಿಸಿಕೊಂಡರೆ ನಡತೆ ಹೋಗುತ್ತದೆ, ನಡತೆಯನ್ನು ಉಳಿಸಿಕೊಂಡರೆ ಧಾನ್ಯ ಹೋಗುತ್ತದೆ. ಲಿಪಿ ಬದಲಾದರೂ ಹಾಡಬಹುದು ಎಂಬ ಸಮಾಧಾನ ಅರ್ಧ ಸತ್ಯ ಮಾತ್ರ. ಸಂಧಿಯನ್ನು ಬಿಡಿಸಿ ತೋರಿಸುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಅದಕ್ಕೆ ಐದು ನಿಮಿಷ ಸಾಕು.

ಕನಕದಾಸರು ಅದೇ ರಾಗಿಯನ್ನು ಬೇರೆ ಬಗೆಯಲ್ಲಿ ಬಳಸಿದರು. ‘ರಾಮಧಾನ್ಯಚರಿತೆ’ಯಲ್ಲಿ ಧಾನ್ಯಗಳಿಗೆ ಬಾಯಿ ಬಂದಿದೆ. ಭತ್ತ ತನ್ನ ಕುಲದ ಹೆಮ್ಮೆ ಆಡುತ್ತದೆ. ನರೆದಲಗ, ಎಂದರೆ ರಾಗಿ, ಬಡವರನ್ನು ಸಲಹುವವನು ತಾನೆಂದು ಎದುರಾಡುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಕೆಡದೆ ಉಳಿಯುತ್ತದೆ. ರಾಘವನ ಹೆಸರೇ ಅದಕ್ಕೆ ಸಲ್ಲುತ್ತದೆ. ಧಾನ್ಯಗಳ ಮಾತಿನ ಮರೆಯಲ್ಲಿ ಮನುಷ್ಯರ ಮೇಲು-ಕೀಳಿನ ವಿಚಾರಣೆ ನಡೆದಿದೆ. ಇದು ಅನ್ಯೋಕ್ತಿ. ಭತ್ತ ಯಾರೆಂದು ಕವಿ ಬಾಯಿಬಿಟ್ಟು ಹೇಳಿಲ್ಲ. ಓದುವವರೇ ತಮ್ಮನ್ನು ಹುಡುಕಿಕೊಳ್ಳಬೇಕು.

ಕನಕದಾಸರ ಮುಂಡಿಗೆಗಳ ಮಾತು ಉಳಿಯಿತು. ಹೊರಗೆ ಒಗಟು, ಒಳಗೆ ತತ್ತ್ವ. ಅವುಗಳನ್ನು ಬಿಡಿಸಲು ಇನ್ನೊಂದು ಸಂಜೆಯೇ ಬೇಕು.